ಕಲ್ಯಾಣ್‌ನಲ್ಲಿ ಇಳಿಯದವರು

ಎಡಗಾಲಿನ ಚಪ್ಪಲಿಯ ಹಿಮ್ಮಡಿಗೆ ಒಂದು ಕಬ್ಬಿಣದ ಚೂರು ಚುಚ್ಚಿಕೊಂಡಿತ್ತು. ಪೆನ್ಸಿಲ್ ಹೆರೆದಾಗ ಬೀಳುವ ಸಿಪ್ಪೆಯಂತೆ ಸುರುಳಿ ಸುತ್ತಿದ, ನೀಲಿ ಹೊಳಪಿನ ಚೂರು. ಮುಂಬಯಿಯ ಹೊರವಲಯದ ಕಳಂಬೋಲಿಯಲ್ಲಿ ಬಸ್ಸಿನಿಂದಿಳಿದು ಹತ್ತು ಹೆಜ್ಜೆ ಹಾಕುವುದರೊಳಗೆ ಅದು ಹೊಕ್ಕಿತ್ತು. ರಸ್ತೆಯ ಎರಡೂ ಬದಿಗೆ ಕಬ್ಬಿಣದ ಸರಳು, ತಗಡಿನ ಸುರುಳಿ, ತೂಕಕ್ಕೆ ಕಾದು ನಿಂತ ಲಾರಿಗಳು. ಚೂರನ್ನು ಕಿತ್ತೆ. ಎಸೆಯಲಿಲ್ಲ, ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗಿಟ್ಟೆ. ಸಿಕ್ಕಿದ್ದನ್ನೆಲ್ಲ ಸಾಕ್ಷಿಯಂತೆ ಎತ್ತಿಡುವ ಅಭ್ಯಾಸ ಆ ದಿನಗಳಲ್ಲಿ ನನಗೆ ಅಂಟಿಕೊಂಡಿತ್ತು.

ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಉಡುಪಿಯಿಂದ ಹೊರಟಿದ್ದೆ. ಕೊಂಕಣ ರೈಲಿನ ಹಳಿ ಆಗಿನ್ನೂ ಪೂರ್ತಿಯಾಗಿರಲಿಲ್ಲ. ಮುಂಬಯಿಗೆ ಹೋಗುವವರೆಲ್ಲ ಹುಬ್ಬಳ್ಳಿ, ಕೊಲ್ಲಾಪುರ, ಪುಣೆ ಸುತ್ತಿಕೊಂಡು ಬಸ್ಸಿನಲ್ಲೇ ಹೋಗಬೇಕಿತ್ತು. ಟಿಕೇಟಿಗೆ ಇನ್ನೂರ ಅರವತ್ತು ರೂಪಾಯಿ, ಸುಮಾರು ಇಪ್ಪತ್ತನಾಲ್ಕು ಗಂಟೆಯ ದಾರಿ. ಜನವರಿ ತಿಂಗಳು, ಬೆಳಗಿನ ಜಾವ ಕೊಲ್ಲಾಪುರದ ಹತ್ತಿರ ಕಿಟಕಿಯ ಗಾಜು ಹಿಮವಿಟ್ಟಂತೆ ತಣ್ಣಗಿತ್ತು.

ಪ್ರಯಾಣಕ್ಕೆ ಎರಡು ಕಾರಣಗಳಿದ್ದವು. ಮನೆಯಲ್ಲಿ ಹೇಳಿದ್ದು ಒಂದನ್ನು: ಶನಿವಾರ ವಾಶಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕಿಯ ಹುದ್ದೆಗೆ ಸಂದರ್ಶನ. ಇನ್ನೊಂದು ಕಾರಣ ಗುರುರಾಜ. ಅದು ಅವನ ನಿಜವಾದ ಹೆಸರಲ್ಲ. ಎಂ.ಎಸ್ಸಿ.ಯಲ್ಲಿ ನನ್ನ ಸಹಪಾಠಿ. ಎರಡು ವರ್ಷದ ಹಿಂದೆ ಓದು ಮುಗಿದ ಮೇಲೆ ಠಾಣಾದ ಒಂದು ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ ಡೊಂಬಿವಲಿಯಲ್ಲಿ ಇಬ್ಬರ ಜೊತೆ ಕೋಣೆ ಹಿಡಿದಿದ್ದ. ಎರಡೂ ಮನೆಯವರು ಒಪ್ಪಿ ವರ್ಷ ಕಳೆದಿತ್ತು. ಮನೆಯವರು ಮದುವೆಯ ತಿಂಗಳು ಕೇಳಿದಾಗಲೆಲ್ಲ ಅವನಿಂದ ಒಂದೇ ಉತ್ತರ: "ಇನ್ನೊಂದು ವರ್ಷ ಹೋಗಲಿ."

ನಾನು ಗುರಿಯಿಟ್ಟು ಕೆಲಸ ಮಾಡುವವಳು. ಜೂನ್‌ನೊಳಗೆ ಒಂದು ಕೆಲಸ, ಡಿಸೆಂಬರಿನಲ್ಲಿ ಮದುವೆ, ಐದು ವರ್ಷದಲ್ಲಿ ಠಾಣಾದ ಘೋಡಬಂದರ್ ರಸ್ತೆಯ ಕಡೆ ಒಂದು ಮನೆ. ಇದನ್ನು ಕ್ರಮಸಂಖ್ಯೆ ಹಾಕಿ ಅವನಿಗೆ ಬರೆದಿದ್ದೆ. ವಾಶಿಯ ಕೆಲಸಕ್ಕೆ ಅರ್ಜಿ ಹಾಕಿದ್ದನ್ನು, ಸಂದರ್ಶನಕ್ಕೆ ಕರೆ ಬಂದದ್ದನ್ನು ಮಾತ್ರ ಬರೆದಿರಲಿಲ್ಲ. ಆ ಪತ್ರದ ನಂತರ ಅವನ ಪತ್ರಗಳು ಒಂದು ಪುಟಕ್ಕೆ ಇಳಿದವು. ಅವುಗಳಲ್ಲಿ ಮೂರು ಸಲ ಶಹಾಡ್ ಎಂಬ ಊರಿನ ಹೆಸರು ಬಂತು. ಭಾನುವಾರ ಅಲ್ಲಿ ಊಟ. ಮೀನಾ ಮಾಡಿದ ಬದನೆಕಾಯಿ ಎಣ್ಣೆಗಾಯಿ ನಮ್ಮ ಊರಿನದ್ದಕ್ಕಿಂತ ರುಚಿ. ಮೀನಾ ಯಾರೆಂದು ಅವನು ಬರೆಯಲಿಲ್ಲ, ನಾನೂ ಕೇಳಲಿಲ್ಲ. ಚಿಕ್ಕಮ್ಮನ ಮನೆಗೆ ಗುರುವಾರ ಸಂಜೆ ತಲುಪುತ್ತೇನೆ ಎಂದು ಅವನಿಗೆ ಬರೆದು ಬುಧವಾರವೇ ಬಂದಿಳಿದೆ. ನಾನಿಲ್ಲದ ಒಂದು ದಿನ ಅವನು ಹೇಗಿರುತ್ತಾನೆ ಎಂದು ನೋಡಬೇಕಿತ್ತು.

ಕಳಂಬೋಲಿಯಿಂದ ಕಲ್ಯಾಣ್ ಕಡೆಗೆ ಹೋಗುವ ಬಸ್ಸು ಹಿಡಿದು, ನಡುವೆ ಇಳಿದು, ರಿಕ್ಷಾದಲ್ಲಿ ಡೊಂಬಿವಲಿಯ ಚಿಕ್ಕಮ್ಮನ ಮನೆ ಸೇರಿದಾಗ ಸಂಜೆ ನಾಲ್ಕೂವರೆ. ಕಾರ್ಖಾನೆಗಳ ಕಡೆಯಿಂದ ಹುಳಿ ವಾಸನೆ ಬರುತ್ತಿತ್ತು. ಅಸಿಟಿಕ್ ಆಸಿಡ್ ಎಂದುಕೊಂಡೆ. ಚಿಕ್ಕಮ್ಮನಿಗೆ ಆ ವಾಸನೆ ಇದೆಯೆಂಬುದೇ ಮರೆತುಹೋಗಿತ್ತು. ಎರಡು ಕೋಣೆಯ ಮನೆ, ಬಾಲ್ಕನಿಯಲ್ಲಿ ತುಳಸಿ, ಒಣಗಲು ಹಾಕಿದ ಸಂಡಿಗೆ. ಚಿಕ್ಕಪ್ಪ ಸ್ಟೇಶನ್ ಬಳಿಯ ಸಸ್ಯಾಹಾರಿ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು. ಚಹಾದ ಹೊತ್ತಿಗೆ ಮನೆಗೆ ಬಂದಿದ್ದರು.

"ನಿನ್ನ ಹುಡುಗನನ್ನು ನಾನು ದಿನಾ ನೋಡ್ತೇನೆ ಮಾರಾಯ್ತಿ," ಎಂದರು. "ಏಳಕ್ಕೆ ಸರಿಯಾಗಿ ಬರ್ತಾನೆ. ಎರಡು ಇಡ್ಲಿ, ಅರ್ಧ ಕಾಫಿ. ಮತ್ತೆ ಏಳೂಕಾಲಿನ ಕಲ್ಯಾಣ್ ಗಾಡಿ."

"ಕಲ್ಯಾಣ್ ಗಾಡಿಯಾ?"

"ಹೌದು. ಯಾಕೆ?"

"ಏನಿಲ್ಲ," ಎಂದೆ.

ಊರಿನಲ್ಲಿದ್ದಾಗಲೇ ರೈಲಿನ ನಕ್ಷೆ ನೋಡಿಕೊಂಡಿದ್ದೆ. ಡೊಂಬಿವಲಿಯಿಂದ ಮುಂಬಯಿ ಕಡೆಗೆ ಹೋದರೆ ಠಾಣಾ. ಕಲ್ಯಾಣ್ ಅದಕ್ಕೆ ತದ್ವಿರುದ್ಧ ದಿಕ್ಕಿಗೆ. ಕಲ್ಯಾಣ್ ದಾಟಿದರೆ ಮುಂದಿನ ಸ್ಟೇಶನ್ ಶಹಾಡ್. ಠಾಣಾದಲ್ಲಿ ಕೆಲಸ ಮಾಡುವವನು ಬೆಳಿಗ್ಗೆ ಏಳೂಕಾಲಿಗೆ ಕಲ್ಯಾಣ್ ಗಾಡಿ ಏಕೆ ಹತ್ತಬೇಕು? ಒಂದು ಮಾತು ಕೇಳಿದ್ದರೆ ಚಿಕ್ಕಪ್ಪ ಹೇಳುತ್ತಿದ್ದರು. ಮನೆಯವರೆದುರು ಅವನ ಮೇಲಿನ ಅನುಮಾನ ಬಿಚ್ಚಿಡುವುದು ನನ್ನಿಂದಾಗದ ಕೆಲಸ.

"ನಾನು ಬಂದದ್ದು ಅವನಿಗೆ ಹೇಳಬೇಡಿ," ಎಂದೆ.

"ಓಹೋ, ಸರ್‌ಪ್ರೈಸಾ?" ಎಂದು ಚಿಕ್ಕಮ್ಮ ನಕ್ಕರು. "ಆಯ್ತು, ನಾವು ಕಣ್ಣು ಮುಚ್ಚಿ ಕೂತ್ಕೊಳ್ತೇವೆ."

ಗುರುವಾರ ಬೆಳಿಗ್ಗೆ ಏಳಕ್ಕೆ ಸ್ಟೇಶನ್ನಿನ ಮೇಲ್ಸೇತುವೆಯ ಮೇಲೆ ನಿಂತಿದ್ದೆ. ಎರಡು ರೂಪಾಯಿ ಕೊಟ್ಟು ಕಲ್ಯಾಣ್‌ಗೆ ಟಿಕೇಟು ತೆಗೆದುಕೊಂಡಿದ್ದೆ. ಕೆಳಗೆ ಮುಂಬಯಿ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ನೆಲವೇ ಕಾಣುತ್ತಿರಲಿಲ್ಲ. ತಲೆ, ಚೀಲ, ಊಟದ ಡಬ್ಬಿ ಅಷ್ಟೇ. ಒಂದು ಗಾಡಿ ಬಂದು ಹೋಯಿತು. ಅರ್ಧ ಜನ ಬಾಗಿಲಿಗೆ ಜೋತುಬಿದ್ದು ಹೋದರು, ಉಳಿದರ್ಧ ಅಲ್ಲೇ ಉಳಿದರು. ಏಳು ಹನ್ನೆರಡಕ್ಕೆ ಕಲ್ಯಾಣ್ ಕಡೆಯ ಪ್ಲಾಟ್‌ಫಾರ್ಮಿಗೆ ಗುರುರಾಜ ಬಂದ. ನಸುನೀಲಿ ಅಂಗಿ, ಹೆಗಲಿಗೆ ಕಪ್ಪು ಚೀಲ, ಜೊತೆಯಲ್ಲಿ ಇಬ್ಬರು ಗೆಳೆಯರು. ಎರಡು ವರ್ಷದಲ್ಲಿ ಸ್ವಲ್ಪ ಸೊರಗಿದ್ದ. ಅವನು ತಲೆಯೆತ್ತಿದಂತೆ ಕಂಡಾಗ ನಾನು ಹಿಂದೆ ಸರಿದು ಒಂದು ಜಾಹೀರಾತು ಫಲಕದ ಮರೆಗೆ ನಿಂತೆ.

ಕಲ್ಯಾಣ್ ಗಾಡಿ ಬಂತು. ಅವನು ಹತ್ತಿದ. ನಾನು ಮೆಟ್ಟಿಲಿಳಿದು ಓಡಿ ಹೆಂಗಸರ ಡಬ್ಬಿ ಹತ್ತಿದೆ. ಗಾಡಿ ಅಷ್ಟೇನೂ ತುಂಬಿರಲಿಲ್ಲ. ಕಿಟಕಿಯ ಪಕ್ಕವೇ ಕುಳಿತೆ. ಎದುರು ಸಾಲಿನ ತುದಿಯಲ್ಲಿ ಕುಳಿತಿದ್ದ, ಮುಡಿ ತುಂಬ ಅಬ್ಬಲಿಗೆ ಮುಡಿದ ಹೆಂಗಸು ಮರಾಠಿಯಲ್ಲಿ ಎಲ್ಲಿ ಇಳಿಯುತ್ತೀ ಎಂದು ಕೇಳಿದಳು. "ಕಲ್ಯಾಣ್" ಎಂದೆ. ಆಕೆಯ ಮುಖ ಅರಳಿತು. "ನಕ್ಕೀ?" ಖಂಡಿತವಾಗಿಯೂ ಅಲ್ಲೇ ಇಳಿಯುತ್ತೀಯಾ ಎಂದು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ನಾನು ಇನ್ನೂ ಕುಳಿತಿರುವಾಗಲೇ ನನ್ನ ಕಿಟಕಿಯ ಜಾಗದ ಮೇಲೆ ತನ್ನ ಕರವಸ್ತ್ರ ಹಾಸಲು ಸಿದ್ಧವಾದಳು. ವಿಚಿತ್ರ ಹೆಂಗಸು ಎಂದುಕೊಂಡೆ.

ಕಲ್ಯಾಣ್‌ನಲ್ಲಿ ಗಾಡಿ ನಿಲ್ಲುವ ಮೊದಲೇ ಜನ ಒಳಗೆ ನುಗ್ಗಿದರು. ನಾನು ಮೊಣಕೈಗಳ ನಡುವೆ ಹೇಗೋ ಹೊರಬಿದ್ದೆ. ಇಳಿದವರು ಕೆಲವೇ ಮಂದಿ, ಹತ್ತಿದವರು ನೂರಾರು. ಅದನ್ನು ಕಣ್ಣಾರೆ ಕಂಡೆ, ಯೋಚಿಸಲಿಲ್ಲ. ನಸುನೀಲಿ ಅಂಗಿಯೊಂದನ್ನು ಮಾತ್ರ ಹುಡುಕುತ್ತ ಕಂಬದ ಹಿಂದೆ ನಿಂತಿದ್ದೆ. ಗಾಡಿ ಬಂದ ದಿಕ್ಕಿಗೇ ಹೊರಟುಹೋಯಿತು. ಅವನು ಎಲ್ಲೂ ಕಾಣಲಿಲ್ಲ. ಗುಂಪಿನಲ್ಲಿ ಜಾರಿಕೊಂಡು ಶಹಾಡ್‌ನ ಗಾಡಿ ಹಿಡಿದಿದ್ದಾನೆ ಎಂದು ತೀರ್ಮಾನಿಸಿದೆ. ಅಷ್ಟು ಖಚಿತವಾಗಿ ಪರೀಕ್ಷೆಯ ಉತ್ತರವನ್ನೂ ನಾನು ಎಂದೂ ಬರೆದಿರಲಿಲ್ಲ.

ನಾನೂ ಟಿಕೇಟು ತೆಗೆದು ಮುಂದಿನ ಗಾಡಿ ಹತ್ತಿದೆ, ಶಹಾಡ್‌ಗೆ ನಾಲ್ಕೈದು ನಿಮಿಷದ ದಾರಿ. ಸ್ಟೇಶನ್ನಿನ ಹೊರಗೆ ಕಾರ್ಖಾನೆಯ ಚಿಮಣಿ, ಚಹಾದಂಗಡಿ, ಕೂಲಿಗೆ ಕರೆಯುವವರನ್ನು ಕಾಯುತ್ತ ಕುಳಿತ ಹೆಂಗಸರ ಸಾಲು. ಇಲ್ಲಿ ಯಾರನ್ನು, ಏನೆಂದು ಕೇಳುವುದು? ಚರಂಡಿಯ ಕಲ್ಲಿನ ಮೇಲೆ ಕಾಲು ಜಾರಿ "ಅಯ್ಯೋ ದೇವರೇ" ಎಂದೆ. ಸಾಲಿನಲ್ಲಿದ್ದ ಒಬ್ಬಳು ತಿರುಗಿದಳು. ನಲವತ್ತರ ಆಸುಪಾಸು, ತೊಡೆಯ ಮೇಲೆ ತಲೆಹೊರೆಯ ಸಿಂಬಿ. ಹೆಸರು ಶರಣಮ್ಮ, ಊರು ಗುಲ್ಬರ್ಗಾ ಕಡೆ ಎಂದು ಆಮೇಲೆ ಹೇಳಿದಳು.

"ಕನ್ನಡದೋರೇನ್ರಿ ಅಕ್ಕೋರ? ಯಾರ ಮನಿ ಹುಡುಕ್ಲಾಕತ್ತೀರಿ?"

"ಯಾರದ್ದೂ ಇಲ್ಲ."

"ಯಾರ ಮನೀನೂ ಇಲ್ಲಂದ್ರ ಶಹಾಡಿಗಿ ಯಾಕ ಬಂದೀರಿ? ಇಲ್ಲೇನು ತಾಜಮಹಲ್ ಅದನೇನು ನೋಡ್ಲಾಕ?" ಪಕ್ಕದವರು ನಕ್ಕರು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಮೆಲ್ಲಗೆ, "ಗಂಡನ ಬೆನ್ನ ಹತ್ತಿ ಬಂದೀರೇನು?" ಎಂದಳು.

"ನನಗಿನ್ನೂ ಮದುವೆಯಾಗಿಲ್ಲ."

"ಲಗ್ನಕ್ಕಿಂತ ಮೊದ್ಲೇ ಬೆನ್ನ ಹತ್ತೀರಿ? ಭಾಳ ಶಾಣ್ಯಾ ಅದೀರಿ. ನಾ ಲಗ್ನ ಆಗಿ ಮೂರು ವರ್ಷಕ್ಕ ಬೆನ್ನ ಹತ್ತಿದೆ ನೋಡ್ರಿ." ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟಳು. "ಶೆರೆ ಅಂಗಡ್ಯಾಗ ಕುಡ್ಕೋತ ಸಿಗ್ತಾನ ಅಂತ ಹೋದ್ರ, ಒಂದು ಕಟ್ಟಿ ಮ್ಯಾಲ ಕುಂತು ಅಳ್ಲಾಕತ್ತಿದ್ದ. ಕೆಲಸ ಹೋಗಿತ್ತು, ನನ್ನ ಮುಂದ ಹೇಳ್ಲಾಕ ನಾಚಿಕಿ. ಅಳೂದು ನಾ ನೋಡೀನಿ ಅಂತ ಅವಗ ಗೊತ್ತಾತು. ಅವತ್ತಿನಿಂದ ನನ್ನ ಮಾರಿ ನೋಡಿ ಮಾತಾಡಂಗಿಲ್ಲ. ಶೆರೆ ಅಂಗಡ್ಯಾಗ ಸಿಕ್ಕಿದ್ರ ಛಲೋ ಇತ್ತು, ಬೈದು ಮನಿಗಿ ಕರಕೊಂಡ ಬರ್ತಿದ್ದೆ."

ಅಷ್ಟರಲ್ಲಿ ಕೂಲಿಯಾಳುಗಳನ್ನು ಆರಿಸುವ ಮುಕಾದಮನೊಬ್ಬ ಬಂದು ಕೈ ಮಾಡಿದ. ಅವಳು ಸಿಂಬಿ ಎತ್ತಿಕೊಂಡು, "ಮನಿಗಿ ಹೋಗ್ರಿ, ಬಿಸಲಾತು," ಎಂದು ಹೊರಟಳು. ಆ ಮಾತನ್ನು ನಾನು ಅಂದು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವಳ ಗಂಡನ ಕಥೆಗೂ ನನ್ನದಕ್ಕೂ ಸಂಬಂಧ ಕಾಣಲಿಲ್ಲ. ಹತ್ತೂವರೆಯ ತನಕ ಅಲ್ಲೇ ಸುತ್ತಾಡಿ, ಯಾವ ನಸುನೀಲಿ ಅಂಗಿಯನ್ನೂ ಕಾಣದೆ ಮರಳಿದೆ.

ಶುಕ್ರವಾರ ನಾನು ಅಧಿಕೃತವಾಗಿ ಡೊಂಬಿವಲಿಯಲ್ಲಿದ್ದೆ. ಮೊದಲೇ ಗೊತ್ತುಮಾಡಿಕೊಂಡಂತೆ ಏಳಕ್ಕೆ ಚಿಕ್ಕಪ್ಪನ ಹೋಟೆಲಿನಲ್ಲಿ ಭೇಟಿ. ಗುರುರಾಜ ರಜೆ ಹಾಕಿದ್ದ. ಠಾಣಾ ತೋರಿಸುತ್ತೇನೆ ಎಂದ. ಗಲ್ಲಾದಲ್ಲಿ ಚಿಕ್ಕಪ್ಪ ನಮ್ಮತ್ತ ನೋಡದೆ ಇರಲು ಬಹಳ ಕಷ್ಟಪಡುತ್ತಿದ್ದರು.

"ಪ್ರಯಾಣ ಆರಾಮಾಯ್ತಾ? ಯಾವಾಗ ಮುಟ್ಟಿದ್ದು?" ಎಂದು ಗುರುರಾಜ ಕೇಳಿದ.

"ನಿನ್ನೆ ಸಂಜೆ," ಎಂದೆ.

"ಹಾಂ," ಎಂದು ಅವನು ಕಾಫಿಯ ಲೋಟದೊಳಗೆ ನೋಡಿದ. ಸುಳ್ಳು ಹೇಳಿದವಳು ನಾನಾದರೂ, ಅವನು ಕಣ್ಣು ತಪ್ಪಿಸಿದ್ದನ್ನು ಅವನ ಲೆಕ್ಕಕ್ಕೇ ಸೇರಿಸಿಕೊಂಡೆ.

ಸ್ಟೇಶನ್ನಿನಲ್ಲಿ ಅವನು ಸೀದಾ ಕಲ್ಯಾಣ್ ಕಡೆಯ ಪ್ಲಾಟ್‌ಫಾರ್ಮಿಗೆ ಇಳಿದ.

"ಠಾಣಾ ಆ ಕಡೆ ಅಲ್ವಾ?" ಎಂದೆ. ಈಗ ಸಿಕ್ಕಿಬಿದ್ದ ಎಂದುಕೊಂಡೆ.

"ಹೌದು. ಆದರೆ ಇಲ್ಲಿಂದ ನೇರ ಹತ್ತಿದರೆ ಒಂದು ಕಾಲು ಊರ್ಲಿಕ್ಕೆ ಜಾಗ ಸಿಗುವುದಿಲ್ಲ. ಕಲ್ಯಾಣ್‌ಗೆ ಹೋಗುವ ಗಾಡಿಯಲ್ಲಿ ಹೋಗಿ ಇಳಿಯದೆ ಕೂತ್ಕೊಳ್ಳುವುದು. ಅದೇ ಗಾಡಿ ತಿರುಗಿ ಬರ್ತದೆ. ಅರ್ಧ ಗಂಟೆ ಹೆಚ್ಚು, ಆದರೆ ಸೀಟು ಉಂಟು. ಇಲ್ಲಿ ಎಲ್ಲರೂ ಹಾಗೇ ಮಾಡುವುದು. ನಾನೂ ದಿನಾ."

ಅಬ್ಬಲಿಗೆ ಮುಡಿದ ಹೆಂಗಸು ನೆನಪಾದಳು, ಅವಳ ಅರಳಿದ ಮುಖ, ಕರವಸ್ತ್ರ. ನಿಜವಾಗಿ ಕಲ್ಯಾಣ್‌ನಲ್ಲಿ ಇಳಿಯುವವಳು ಸಿಕ್ಕಿದ್ದು ಅವಳ ಅದೃಷ್ಟ.

ಗಾಡಿಯಲ್ಲಿ ಅವನ ದಿನದ ಗೆಳೆಯರಿಬ್ಬರೂ ಇದ್ದರು. ಅವರಲ್ಲಿ ಪಾಟೀಲ್ ಎಂಬವನು ಎದ್ದು ನನಗೆ ಕಿಟಕಿಯ ಜಾಗ ಬಿಟ್ಟುಕೊಟ್ಟ. "ಭಾಭೀಜೀ, ಕಲ್ ತೋ ಆಪ್ ಲೇಡೀಸ್ ಡಬ್ಬೇ ಮೇ ಥೀ ನಾ? ಗುರು ನೇ ಬ್ರಿಜ್ ಪರ್ ದಿಖಾಯಾ ಥಾ."

ನಿನ್ನೆ ನಾನು ಹೆಂಗಸರ ಡಬ್ಬಿಯಲ್ಲಿದ್ದೆ. ಗುರು ಸೇತುವೆಯ ಮೇಲೆ ನನ್ನನ್ನು ತೋರಿಸಿದ್ದ. ಪಾಟೀಲ್ ನಗುನಗುತ್ತ ಹೇಳಿದ. ಗುರುರಾಜ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದ. ಕಲ್ಯಾಣ್ ಬಂತು, ಜನ ನುಗ್ಗಿದರು, ನಾವು ಯಾರೂ ಇಳಿಯಲಿಲ್ಲ. ಗಾಡಿ ತಿರುಗಿ ಮತ್ತೆ ಡೊಂಬಿವಲಿ ದಾಟಿತು. ಠಾಣಾದ ತನಕ ಎದುರಿಗಿದ್ದ ನಾಲ್ವರು ಮೊಣಕಾಲುಗಳ ಮೇಲೆ ಒಂದು ಪೆಟ್ಟಿಗೆಯಿಟ್ಟು ಇಸ್ಪೀಟು ಆಡುತ್ತಿದ್ದರು.

ಠಾಣಾದಲ್ಲಿ ಕೆರೆ ತೋರಿಸಿದ, ಪಾವ್ ಭಾಜಿ ಕೊಡಿಸಿದ. ಆಮೇಲೆ ಬಸ್ಸಿನಲ್ಲಿ ಘೋಡಬಂದರ್ ರಸ್ತೆಗೆ ಕರೆದುಕೊಂಡು ಹೋದ. ಎಡಕ್ಕೆ ತೊರೆಯ ಕಡೆಯ ಗದ್ದೆ, ಬಲಕ್ಕೆ ಕಾಡಿನ ಗುಡ್ಡ ಎಂದು ನಾನು ಅಂದುಕೊಂಡದ್ದು ಉಲ್ಟಾ ಆಗಿತ್ತು, ಗುಡ್ಡ ಎಡಕ್ಕಿತ್ತು. ನಡುನಡುವೆ ಏಳು ಮಹಡಿಯ ಹೊಸ ಕಟ್ಟಡಗಳು, ಬಿದಿರಿನ ಅಟ್ಟಣಿಗೆ, ಮರಳಿನ ರಾಶಿಯ ಮೇಲೆ ಮಲಗಿದ ನಾಯಿ. ಗೋಡೆಯಿಲ್ಲದ ಒಂದು ಕಟ್ಟಡದ ಮುಂದೆ ಅವನು ನಿಂತ.

"ನೋಡು. ನಿನ್ನ ಪಟ್ಟಿಯಲ್ಲಿ ಮೂರನೆಯದ್ದು."

"ಬುಧವಾರ ಬಂದೆ," ಎಂದೆ. "ನಿನ್ನೆ ನಿನ್ನ ಹಿಂದೆ ಬಂದೆ."

"ಗೊತ್ತು. ಸೇತುವೆ ಮೇಲೆ ನೋಡಿ ನಂಗೆ ಎಷ್ಟು ಖುಷಿಯಾಯ್ತು ಗೊತ್ತುಂಟಾ? ಪಾಟೀಲ್‌ಗೆ ತೋರಿಸಿದೆ. ಅಷ್ಟರಲ್ಲಿ ನೀನು ಬೋರ್ಡಿನ ಹಿಂದೆ ಹೋದೆ. ಕಲ್ಯಾಣ್‌ನಲ್ಲಿ ಕರೆಯುವ ಅಂತ ಬಾಗಿಲಿಗೆ ಬಂದೆ, ಕಂಬದ ಹಿಂದೆ ನಿಂತಿದ್ದಿ. ಅಡಗಿ ನಿಂತವರನ್ನು ಕರೆಯುವುದು ಹೇಗೆ?"

"ಇವತ್ತು ಬೆಳಿಗ್ಗೆ ಕೇಳಬಹುದಿತ್ತು."

"ನೀನೇ ಹೇಳ್ತಿಯಾ ಅಂತ ಕಾದೆ. ವಾಶಿಯ ಇಂಟರ್‌ವ್ಯೂದೂ ಹಾಗೇ. ಹೋದ ವಾರ ನಿನ್ನ ಚಿಕ್ಕಪ್ಪ ಹೇಳಿದ್ರು. ನನ್ನ ಊರಿಗೆ ಕೆಲಸಕ್ಕೆ ಬರುವವಳು ನನಗೇ ಹೇಳ್ಲಿಲ್ಲ." ಅವನ ದನಿ ಏರಿರಲಿಲ್ಲ. "ನಿನ್ನ ಪಟ್ಟಿಯಲ್ಲಿ ನಾನು ಯಾವಾಗ ಎಲ್ಲಿರಬೇಕು ಅಂತ ಎಲ್ಲ ಉಂಟು. ನನ್ನ ಹತ್ತಿರ ಕೇಳಿದ್ದು ಮಾತ್ರ ಇಲ್ಲ. ಇನ್ನೊಂದು ವರ್ಷ ಅಂತ ನಾನು ಹೇಳುವುದು ಅದಕ್ಕೇ. ಮದುವೆ ಬೇಡ ಅಂತಲ್ಲ. ನೀನು ಒಂದು ಸಲ ತಿರುಗಿ ನೋಡ್ತಿಯಾ ಅಂತ."

ಹೇಳಬೇಕಾದದ್ದು ನನ್ನಲ್ಲಿ ಬಹಳವಿತ್ತು. ಅವನು ಎರಡು ವರ್ಷ ಯಾವುದಕ್ಕೂ ಹೌದು ಎನ್ನದೆ ಕಾಯಿಸಿದ್ದು, ಪಟ್ಟಿ ಇಲ್ಲದಿದ್ದರೆ ಏನೂ ನಡೆಯುತ್ತಿರಲಿಲ್ಲ ಎಂಬುದು. ಹೇಳಿದ್ದು ಒಂದೇ. "ಶಹಾಡ್‌ನಲ್ಲಿ ಯಾರಿದ್ದಾರೆ?"

ಎರಡು ವರ್ಷದಲ್ಲಿ ನಾನು ಅವನಲ್ಲಿ ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದಿರಬೇಕು. ಅವನು ತಡವರಿಸಲಿಲ್ಲ, ತಡವರಿಸದೆ ಇದ್ದದ್ದೂ ನನಗೆ ಅನುಮಾನಕ್ಕೆ ಕಾರಣವಾಯಿತು.

"ನಮ್ಮ ಲ್ಯಾಬಿನ ಸಾವಂತ್, ಅವನ ಮನೆ. ಮೀನಾ ಅವನ ತಂಗಿ. ಅವರ ಮನೆಯವರಿಗೆ ನನ್ನ ಮೇಲೆ ಕಣ್ಣುಂಟು ಅಂತ ನಂಗೆ ತಡವಾಗಿ ಗೊತ್ತಾದ್ದು. ಸುಳ್ಳು ಯಾಕೆ ಹೇಳುವುದು, ಅಲ್ಲಿ ಹೋಗುವುದು ನಂಗೂ ಖುಷಿ ಇತ್ತು. ಅಲ್ಲಿ ಯಾರೂ ಮುಂದೆ ಎಂತ ಅಂತ ಕೇಳುವುದಿಲ್ಲ. ದೀಪಾವಳಿಯ ನಂತರ ಹೋಗ್ಲಿಲ್ಲ."

"ಇದನ್ನು ನಂಬಬೇಕಾ?"

"ಅದು ನಿನಗೆ ಬಿಟ್ಟದ್ದು." ಕಿಸೆಯಿಂದ ಒಂದು ಚೀಟಿ ತೆಗೆದು, ತೊಡೆಯ ಮೇಲಿಟ್ಟು ವಿಳಾಸ ಬರೆದು ಕೊಟ್ಟ. "ನೋಡಬೇಕಾದರೆ ಹೋಗಿ ನೋಡು. ಬೆಳಿಗ್ಗೆ ಅವರು ಮನೆಯಲ್ಲೇ ಇರ್ತಾರೆ." ಪೆನ್ನನ್ನು ಕಿಸೆಗೆ ಸಿಕ್ಕಿಸಿ, "ನಾಳೆ ಇಂಟರ್‌ವ್ಯೂ ಒಳ್ಳೆದು ಮಾಡು. ಕೆಲಸ ಸಿಕ್ಕಿದರೆ ಕೆಲಸಕ್ಕೆ ಅಂತ ಬಾ. ನನ್ನನ್ನು ಕಾಯ್ಲಿಕ್ಕೆ ಬರುವುದು ಬೇಡ," ಎಂದ.

ಮರಳುವಾಗ ಸಂಜೆಯ ಗಾಡಿಯಲ್ಲಿ ಇಬ್ಬರೂ ನಿಂತೇ ಬಂದೆವು, ಅವನು ಗಂಡಸರ ಗುಂಪಿನಲ್ಲಿ, ನಾನು ಹೆಂಗಸರ ಡಬ್ಬಿಯಲ್ಲಿ. ನಾಳೆ ಭೇಟಿಯೆಂದು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯಲ್ಲಿ ಚಿಕ್ಕಮ್ಮ, "ಸರ್‌ಪ್ರೈಸ್ ಹೇಗಾಯ್ತು?" ಎಂದು ಕೇಳಿದರು. "ಆಯ್ತು," ಎಂದೆ. ಕರವಸ್ತ್ರ ಒಗೆಯಲು ಹಾಕುವಾಗ ಕಬ್ಬಿಣದ ಚೂರು ನೆಲಕ್ಕೆ ಬಿತ್ತು. ಎತ್ತಿ ಕಸದ ಡಬ್ಬಿಗೆ ಹಾಕಿದೆ. ಶರಣಮ್ಮ ಹೇಳಿದ್ದು ಆಗ ನೆನಪಾಯಿತು: ನಾ ನೋಡೀನಿ ಅಂತ ಅವಗ ಗೊತ್ತಾತು.

ಮರುದಿನ ಬೆಳಿಗ್ಗೆ ಪ್ರಮಾಣಪತ್ರಗಳ ಕಡತ ಹಿಡಿದು ಸ್ಟೇಶನ್ನಿಗೆ ಹೋದೆ. ವಾಶಿಗೆ ಠಾಣಾದಿಂದ ಬಸ್ಸು. ಏಳೂಕಾಲಿನ ಕಲ್ಯಾಣ್ ಗಾಡಿಯ ಹೆಂಗಸರ ಡಬ್ಬಿ ಹತ್ತಿ ಕಿಟಕಿಯ ಪಕ್ಕ ಕುಳಿತೆ. ಗಂಡಸರ ಡಬ್ಬಿಗೆ ಯಾರು ಹತ್ತಿದರು, ಯಾವ ಬಣ್ಣದ ಅಂಗಿ ಎಂದು ನೋಡಲಿಲ್ಲ. ಸಾವಂತನ ವಿಳಾಸದ ಚೀಟಿ ಪರ್ಸಿನಲ್ಲಿತ್ತು, ಹರಿದಿರಲಿಲ್ಲ. ಕಲ್ಯಾಣ್‌ನಲ್ಲಿ ಗಾಡಿ ನಿಂತಾಗ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಶಹಾಡ್ ಕಡೆಗೆ ಹೋಗುವ ಗಾಡಿ ಬಾಗಿಲು ತೆರೆದುಕೊಂಡು ನಿಂತಿತ್ತು. ಮೆಟ್ಟಿಲು ಹತ್ತಿಳಿದರೆ ಎರಡು ನಿಮಿಷ. ನುಗ್ಗಿ ಬಂದ ಹೆಂಗಸೊಬ್ಬಳು ಏದುಸಿರು ಬಿಡುತ್ತ ನನ್ನೆದುರು ನಿಂತು, ಎಲ್ಲಿ ಇಳಿಯುತ್ತೀ ಎಂದು ಕೇಳಿದಳು.

"ಠಾಣಾ," ಎಂದೆ. ಕಡತವನ್ನು ಮಡಿಲಲ್ಲಿ ಸರಿಯಾಗಿಟ್ಟುಕೊಂಡು ಕುಳಿತೇ ಇದ್ದೆ.